ಜನಾಜಾದ ಹೊತ್ತಿನಲ್ಲಿ ಸಾಲದ ಮಾತೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ದಾವಣಗೆರೆ ಜಿಲ್ಲೆಯವನು. ಬಹಳ ವರ್ಷ ನನ್ನೊಂದಿಗೆ ಪಾಠ ಮಾಡಿದ ಮುಸ್ಲಿಂ ಸ್ನೇಹಿತರೊಬ್ಬರು ತೀರಿಕೊಂಡಾಗ ಕಬರಸ್ತಾನದವರೆಗೂ ಹೋಗಿದ್ದೆ. ಜನಾಜಾ ನಮಾಜಿಗೆ (ಮೃತರಿಗಾಗಿ ಮಾಡುವ ಸಾಮೂಹಿಕ ಪ್ರಾರ್ಥನೆಗೆ) ಮುನ್ನ ಅವರ ಹಿರಿಯ ಮಗ ಮುಂದೆ ಬಂದು, ‘ನಮ್ಮ ತಂದೆ ಯಾರಿಗಾದರೂ ಹಣ ಕೊಡಬೇಕಿದ್ದರೆ ನನ್ನನ್ನು ಕಾಣಿ, ನಾನು ತೀರಿಸುತ್ತೇನೆ, ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿಬಿಡಿ’ ಎಂದ. ಅಂಥ ದುಃಖದ ಹೊತ್ತಿನಲ್ಲಿ ಸಾಲದ ಮಾತೇಕೆ ಬಂತೆಂದು ಅರ್ಥವಾಗಲಿಲ್ಲ. ಇಸ್ಲಾಮಿನ ಮೂಲ ನಂಬಿಕೆಗಳೇನು? ಎಲ್ಲವೂ ಅಲ್ಲಾಹನ ಇಚ್ಛೆ ಎನ್ನುವವರು ಮತ್ತೆ ಇಷ್ಟೊಂದು ವಿಧಿನಿಯಮಗಳನ್ನು ಪಾಲಿಸುವುದೇಕೆ? ಇನ್ನೊಂದು ಮಾತು: ನನ್ನ ಸ್ನೇಹಿತರು ಐದು ಹೊತ್ತು ನಮಾಜು ಮಾಡುತ್ತಿದ್ದವರೇನಲ್ಲ. ಅಂಥವರನ್ನೂ ಧರ್ಮ ತನ್ನವರೆಂದೇ ಎಣಿಸುತ್ತದೆಯೇ?

ಉತ್ತರ: ನಿಮ್ಮ ಸ್ನೇಹಿತರ ಮಗ ಆಡಿದ ಮಾತಿನಿಂದಲೇ ಶುರು ಮಾಡುತ್ತೇನೆ. ಇಸ್ಲಾಮಿನ ನಂಬಿಕೆಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡುವ ಪುಸ್ತಕಗಳು ಬೇಕಾದಷ್ಟಿವೆ. ಆ ನಂಬಿಕೆ ಮನುಷ್ಯನಿಂದ ಏನನ್ನು ಮಾಡಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಆ ಹುಡುಗ ನಿಂತ ಜಾಗಕ್ಕಿಂತ ಒಳ್ಳೆಯ ಜಾಗವಿಲ್ಲ.

ಮದೀನಾದಲ್ಲಿ ಯಾರಾದರೂ ತೀರಿಕೊಂಡು, ಪಾರ್ಥಿವ ಶರೀರವನ್ನು ನಮಾಜಿಗಾಗಿ ತಂದಾಗ ಪ್ರವಾದಿ ಮುಹಮ್ಮದರು ಒಂದು ಪ್ರಶ್ನೆ ಕೇಳುತ್ತಿದ್ದರು: ‘ಇವರ ಮೇಲೆ ಸಾಲವಿದೆಯೇ?’ ಒಮ್ಮೆ ‘ಇದೆ’ ಎಂಬ ಉತ್ತರ ಬಂತು, ತೀರಿಸಲು ಮೃತರು ಏನನ್ನೂ ಬಿಟ್ಟಿರಲಿಲ್ಲ. ‘ನಿಮ್ಮ ಗೆಳೆಯನಿಗೆ ನೀವೇ ನಮಾಜು ಮಾಡಿಕೊಳ್ಳಿ’ ಎಂದು ಪ್ರವಾದಿಯವರು ಹಿಂದೆ ಸರಿದರು. ಅಬೂ ಕತಾದಾ ಎಂಬ ಸಂಗಾತಿ ಎದ್ದು ‘ಆ ಸಾಲ ನನ್ನ ಮೇಲಿರಲಿ’ ಎಂದ ಮೇಲೆಯೇ ನಮಾಜಿಗೆ ನಿಂತರು. ಮುಂದೆ ಸಮುದಾಯದ ಕೈಯಲ್ಲಿ ಹಣ ಓಡಾಡತೊಡಗಿದಾಗ ಈ ಪದ್ಧತಿ ಬದಲಾಯಿತು. ಸಾಲ ಬಿಟ್ಟು ಸತ್ತವನ ಸಾಲವನ್ನು ತಾವೇ ತೀರಿಸುವುದಾಗಿ, ಆಸ್ತಿ ಬಿಟ್ಟು ಸತ್ತವನ ಆಸ್ತಿ ಅವನ ವಾರಸುದಾರರಿಗೇ ಸೇರುವುದಾಗಿ ಪ್ರವಾದಿಯವರು ಸಾರಿದರು. ನೀವು ಕೇಳಿದ ಆ ಎರಡು ಸಾಲಿನ ಪ್ರಕಟಣೆಯ ಹಿಂದಿರುವುದು ಈ ಪರಂಪರೆ.

ಸಾಲಕ್ಕೆ ಇಷ್ಟು ತೂಕ ಏಕೆ? ಮರಣದ ನಂತರ ಮತ್ತೆ ಎಬ್ಬಿಸಲಾಗುತ್ತದೆ, ಮಾಡಿದ್ದಕ್ಕೆಲ್ಲ ಲೆಕ್ಕ ಕೊಡಬೇಕಾಗುತ್ತದೆ ಎಂಬುದು ಇಸ್ಲಾಮಿನ ತಳಪಾಯದ ನಂಬಿಕೆ. ಆಖಿರತ್ ಎನ್ನುವುದು ಇದನ್ನೇ. ಅಣುವಿನಷ್ಟು ಒಳಿತು ಮಾಡಿದವನು ಅದನ್ನು ಕಾಣುತ್ತಾನೆ, ಅಣುವಿನಷ್ಟು ಕೆಡುಕು ಮಾಡಿದವನೂ ಅದನ್ನು ಕಾಣುತ್ತಾನೆ ಎನ್ನುತ್ತದೆ ಕುರ್‌ಆನಿನ 99ನೇ ಅಧ್ಯಾಯ. ಆ ಲೆಕ್ಕದಲ್ಲಿ ಎರಡು ಕಂತೆಗಳಿವೆ ಎಂದು ಉಲಮಾಗಳು, ಅಂದರೆ ಧರ್ಮವಿದ್ವಾಂಸರು, ವಿವರಿಸುತ್ತಾರೆ. ಒಂದು, ಅಲ್ಲಾಹನಿಗೆ ಸಲ್ಲಬೇಕಾದ ಹಕ್ಕುಗಳು: ನಮಾಜು, ಉಪವಾಸ, ಹಜ್ ಮುಂತಾದವು. ಇನ್ನೊಂದು, ಮನುಷ್ಯರಿಗೆ ಸಲ್ಲಬೇಕಾದ ಹಕ್ಕುಗಳು, ಹುಕೂಕುಲ್ ಇಬಾದ್. ಮೊದಲನೆಯದರಲ್ಲಿ ತಪ್ಪಿದರೆ ಪಶ್ಚಾತ್ತಾಪದಿಂದ ಬೇಡಿಕೊಂಡವನನ್ನು ಅಲ್ಲಾಹ್ ಕ್ಷಮಿಸಬಲ್ಲ, ಅವನು ಪರಮ ದಯಾಮಯ. ಎರಡನೆಯದರಲ್ಲಿ ತಪ್ಪಿದರೆ ಯಾರ ಹಕ್ಕು ಹೋಯಿತೋ ಅವರೇ ಕ್ಷಮಿಸಬೇಕು, ಇಲ್ಲವೇ ಅವರಿಗೆ ಅದು ಸಲ್ಲಬೇಕು. ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುತಾತ್ಮನ ಪಾಪಗಳೆಲ್ಲ ಮನ್ನಾ ಆಗುತ್ತವೆ, ಸಾಲವೊಂದನ್ನು ಬಿಟ್ಟು ಎಂಬ ಹದೀಸ್ (ಪ್ರವಾದಿಯವರ ನುಡಿ) ಇದೆ. ಇದಕ್ಕಿಂತ ಕಟುವಾಗಿ ಹೇಳುವುದು ಸಾಧ್ಯವೇ?

ಈ ನಂಬಿಕೆಯ ತಿರುಳನ್ನು ಹಿಡಿದಿಡುವ ಇನ್ನೊಂದು ಹದೀಸ್ ಇದೆ. ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ಇದನ್ನೇ ಓದಿಸುತ್ತೇನೆ. ‘ದಿವಾಳಿಯಾದವನು ಯಾರು ಗೊತ್ತೇ?’ ಎಂದು ಪ್ರವಾದಿಯವರು ಸಂಗಾತಿಗಳನ್ನು ಕೇಳಿದರು. ‘ಕೈಯಲ್ಲಿ ಹಣವಾಗಲಿ ಸರಕಾಗಲಿ ಇಲ್ಲದವನು’ ಎಂದರು ಅವರು. ಆಗ ಪ್ರವಾದಿಯವರು ಹೇಳಿದ್ದು ಇದು: ನನ್ನ ಸಮುದಾಯದ ದಿವಾಳಿಗಾರ ಅಂತಿಮ ದಿನದಂದು ನಮಾಜು, ಉಪವಾಸ, ಝಕಾತ್ (ಸಂಪತ್ತಿನಲ್ಲಿ ಕೊಡಲೇಬೇಕಾದ ಪಾಲು) ಎಲ್ಲವನ್ನೂ ಹೊತ್ತು ಬರುತ್ತಾನೆ. ಆದರೆ ಅವನು ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಮತ್ತೊಬ್ಬನ ಹಣ ನುಂಗಿರುತ್ತಾನೆ, ಯಾರದೋ ರಕ್ತ ಹರಿಸಿರುತ್ತಾನೆ, ಯಾರನ್ನೋ ಹೊಡೆದಿರುತ್ತಾನೆ. ಅವನ ಪುಣ್ಯವನ್ನು ತೆಗೆದು ಅವರೆಲ್ಲರಿಗೂ ಹಂಚಲಾಗುತ್ತದೆ. ಪುಣ್ಯ ಮುಗಿದರೂ ಬಾಕಿ ಉಳಿದರೆ ಅವರ ಪಾಪಗಳನ್ನು ತೆಗೆದು ಇವನ ಮೇಲೆ ಹಾಕಲಾಗುತ್ತದೆ. ಕೊನೆಗೆ ಅವನನ್ನು ನರಕಕ್ಕೆ ಎಸೆಯಲಾಗುತ್ತದೆ.

ಇದನ್ನು ನಿಜವೆಂದು ನಂಬಿದ ಮಗ ತಂದೆಯ ದೇಹದ ಮುಂದೆ ನಿಂತು ಬೇರೇನು ಹೇಳಿಯಾನು? ಆ ಸಾಲ ಇವತ್ತು ಇಲ್ಲಿ ತೀರದಿದ್ದರೆ ನಾಳೆ ಅಪ್ಪ ಅದನ್ನು ಪುಣ್ಯದಲ್ಲಿ ತೀರಿಸಬೇಕಾಗುತ್ತದೆ ಎಂಬುದು ಅವನ ಆತಂಕ. ಮಾತು ಹಣದ್ದಾದರೂ ಒಳಗಿರುವುದು ತಂದೆಯ ಮೇಲಿನ ಪ್ರೀತಿ. ಕೊಡಬೇಕಾದವರು ಮುಸ್ಲಿಮರಾಗಿರಬೇಕೆಂಬ ಷರತ್ತು ಇದಕ್ಕಿಲ್ಲ. ಪ್ರವಾದಿಯವರು ನಿಧನರಾದಾಗ ಅವರ ಯುದ್ಧಕವಚ ಮದೀನಾದ ಯಹೂದಿಯೊಬ್ಬರ ಬಳಿ ಬಾರ್ಲಿಗಾಗಿ ಅಡವಿನಲ್ಲಿತ್ತು. 622ರಲ್ಲಿ ತಮ್ಮ ಕೊಲೆಗೆ ಸಂಚು ನಡೆದಿದ್ದಾಗ ಮಕ್ಕಾ ಬಿಟ್ಟು ಹೊರಟ ಅವರು, ಅಲ್ಲಿನ ಜನ ತಮ್ಮ ಬಳಿ ನಂಬಿ ಇಟ್ಟಿದ್ದ ಒಡವೆ ವಸ್ತುಗಳನ್ನು ಮರಳಿಸಲು ತಮ್ಮ ಹತ್ತಿರದ ಬಂಧು ಅಲಿಯವರನ್ನು ಹಿಂದೆ ಬಿಟ್ಟು ಹೋದರು.

ಕುರ್‌ಆನಿನ ಅತಿ ಉದ್ದದ ವಚನ ಯಾವುದರ ಬಗ್ಗೆ ಇರಬಹುದು ಎಂದು ಕೇಳಿದರೆ ಸ್ವರ್ಗ, ನರಕ, ಪ್ರಾರ್ಥನೆ ಎಂದೆಲ್ಲ ಉತ್ತರ ಬರುತ್ತದೆ. ಅದು ಎರಡನೇ ಅಧ್ಯಾಯದ 282ನೇ ವಚನ. ಅದರ ವಿಷಯ ಸಾಲಪತ್ರ. ಸಾಲವನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಲ ಪಡೆದವನೇ ಹೇಳಿ ಬರೆಸಲಿ, ಸಾಕ್ಷಿಗಳಿರಲಿ, ಮೊತ್ತ ಚಿಕ್ಕದಾದರೂ ದೊಡ್ಡದಾದರೂ ಬರೆಯಲು ಬೇಸರಿಸಬೇಡಿ ಎಂದು ಅದು ಹೇಳುತ್ತಾ ಹೋಗುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಆಸ್ತಿಯ ಪಾಲುಗಳನ್ನು ವಿವರಿಸುವಾಗ ‘ಉಯಿಲು ಮತ್ತು ಸಾಲ ತೀರಿಸಿದ ನಂತರ’ ಎಂಬ ಮಾತು ಎರಡು ವಚನಗಳಲ್ಲೇ ನಾಲ್ಕು ಬಾರಿ ಬರುತ್ತದೆ. ಆದ್ದರಿಂದ ಮೃತರ ಹಣದಲ್ಲಿ ಮೊದಲು ಕಫನ್ ದಫನದ (ಶವಕ್ಕೆ ಬಟ್ಟೆ ಹೊದಿಸಿ ಮಣ್ಣು ಮಾಡುವ) ಖರ್ಚು, ಆಮೇಲೆ ಸಾಲ, ಆಮೇಲೆ ಮೂರನೇ ಒಂದು ಭಾಗ ಮೀರದಂತೆ ಉಯಿಲು, ಉಳಿದದ್ದು ವಾರಸುದಾರರಿಗೆ. ಹೆಂಡತಿಗೆ ಕೊಡದೆ ಉಳಿಸಿಕೊಂಡ ಮಹರ್, ಅಂದರೆ ಮದುವೆಯಲ್ಲಿ ಗಂಡ ಅವಳಿಗೆ ಕೊಡಬೇಕಾದ ವಧುಧನ, ಕೂಡ ಸಾಲವೇ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಗಂಡನ ಹೆಣದ ಪಕ್ಕಕ್ಕೆ ಹೆಂಡತಿಯನ್ನು ಕರೆತಂದು ‘ಮಹರ್ ಮಾಫ್ ಮಾಡಿದೆ’ ಎಂದು ಹೇಳಿಸುವ ರೂಢಿ ನಮ್ಮ ಉಪಖಂಡದ ಎಷ್ಟೋ ಕಡೆ ಇದೆ. ಅಳುತ್ತಿರುವ ಹೆಂಗಸಿನ ಬಾಯಿಂದ ನಾಲ್ಕು ಜನರ ಮುಂದೆ ಹೇಳಿಸಿದ ಕ್ಷಮೆ ಎಂಥ ಕ್ಷಮೆ? ಹಾಗೆಯೇ ಮಗನ ಅರ್ಧದಷ್ಟು ಪಾಲು ಮಗಳಿಗೆ ಸಲ್ಲಲೇಬೇಕೆಂದು ಕುರ್‌ಆನ್ ಬರೆದುಕೊಟ್ಟಿದ್ದರೂ, ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂದು ಆ ಪಾಲನ್ನು ನುಂಗುವ ಅಣ್ಣತಮ್ಮಂದಿರಿದ್ದಾರೆ. ಮೊದಲ ಸಾಲಿನಲ್ಲಿ ನಮಾಜಿಗೆ ನಿಲ್ಲುವವರೂ ಅವರಲ್ಲಿದ್ದಾರೆ. ಮೇಲೆ ಹೇಳಿದ ದಿವಾಳಿಯ ಹದೀಸ್ ಇವರನ್ನು ಕುರಿತೇ ಇದೆ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಈಗ ನಂಬಿಕೆಗಳಿಗೆ ಬರೋಣ. ಇವುಗಳನ್ನು ಒಂದೆಡೆ ಸೇರಿಸಿಕೊಡುವ ಪ್ರಸಂಗವನ್ನು ಪ್ರವಾದಿಯವರ ಆಪ್ತ ಸಂಗಾತಿ ಉಮರ್ ಅವರು ಕಣ್ಣಾರೆ ಕಂಡು ಹೇಳಿದ್ದಾರೆ. ಒಂದು ದಿನ ಪ್ರವಾದಿಯವರ ಸುತ್ತ ಎಲ್ಲರೂ ಕುಳಿತಿದ್ದಾಗ ಅಪರಿಚಿತನೊಬ್ಬ ಬಂದ. ಅಚ್ಚ ಬಿಳಿಯ ಬಟ್ಟೆ, ಕಡುಗಪ್ಪು ಕೂದಲು. ಪಯಣದ ದಣಿವಾಗಲಿ ಧೂಳಾಗಲಿ ಮೈಮೇಲಿಲ್ಲ. ಆದರೂ ಊರಿನ ಯಾರಿಗೂ ಅವನ ಗುರುತಿಲ್ಲ. ನೇರವಾಗಿ ಬಂದು ಪ್ರವಾದಿಯವರ ಮಂಡಿಗೆ ಮಂಡಿ ತಾಗಿಸಿ ಕುಳಿತು ಪ್ರಶ್ನೆಗಳನ್ನು ಕೇಳಿದ. ಇಸ್ಲಾಮ್ ಎಂದರೇನು ಎಂಬುದಕ್ಕೆ ಐದು ಆಚರಣೆಗಳ ಉತ್ತರ ಸಿಕ್ಕಿತು: ಅಲ್ಲಾಹನ ಹೊರತು ಆರಾಧ್ಯನಿಲ್ಲ, ಮುಹಮ್ಮದರು ಅವನ ದೂತರು ಎಂಬ ಸಾಕ್ಷ್ಯ, ನಮಾಜು, ಝಕಾತ್, ರಮಝಾನ್ ಉಪವಾಸ, ಶಕ್ತಿ ಇದ್ದವರಿಗೆ ಹಜ್. ಈಮಾನ್ ಎಂದರೇನು ಎಂಬುದಕ್ಕೆ ಆರು ನಂಬಿಕೆಗಳ ಉತ್ತರ: ಅಲ್ಲಾಹ್, ಅವನ ಆಜ್ಞೆ ಪಾಲಿಸುವ ಕಣ್ಣಿಗೆ ಕಾಣದ ದೇವಚರರು, ಗ್ರಂಥಗಳು, ದೂತರು, ಅಂತಿಮ ದಿನ, ಒಳಿತಿರಲಿ ಕೆಡುಕಿರಲಿ ಅವನ ನಿರ್ಣಯ. ಆಮೇಲೆ ಇಹ್ಸಾನ್ ಎಂದರೇನು ಎಂದು ಕೇಳಿದಾಗ ಬಂದ ಉತ್ತರ: ‘ಅಲ್ಲಾಹನನ್ನು ಕಾಣುತ್ತಿದ್ದೀಯೆ ಎಂಬಂತೆ ಅವನನ್ನು ಆರಾಧಿಸು, ನೀನು ಅವನನ್ನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ.’ ಬಂದವನು ಎದ್ದು ಹೋದ ಮೇಲೆ, ಅವರು ದೇವಚರ ಜಿಬ್ರೀಲ್, ನಿಮಗೆ ನಿಮ್ಮ ಧರ್ಮವನ್ನು ಕಲಿಸಲು ಬಂದಿದ್ದರು ಎಂದರು ಪ್ರವಾದಿಯವರು. ಸುನ್ನಿ ಪರಂಪರೆಯ ಮಕ್ಕಳು ಮದರಸಾದಲ್ಲಿ ಮೊದಲು ಕಲಿಯುವ ಆರು ನಂಬಿಕೆಗಳು ಇವೇ. ಶಿಯಾ ಪರಂಪರೆ ಏಕದೇವತ್ವ, ಪ್ರವಾದಿತ್ವ, ಅಂತಿಮ ದಿನಗಳ ಜೊತೆಗೆ ಅಲ್ಲಾಹನ ನ್ಯಾಯಪರತೆಯನ್ನೂ ಪ್ರವಾದಿ ಕುಟುಂಬದ ಇಮಾಮರ ನೇತೃತ್ವವನ್ನೂ ಮೂಲತತ್ತ್ವಗಳಾಗಿ ಎಣಿಸುತ್ತದೆ.

ಇವೆಲ್ಲಕ್ಕೂ ತಾಯಿಬೇರು ತೌಹೀದ್, ದೇವರು ಒಬ್ಬನೇ ಎಂಬ ನಂಬಿಕೆ. ಕುರ್‌ಆನಿನ 112ನೇ ಅಧ್ಯಾಯ ನಾಲ್ಕೇ ಪುಟ್ಟ ವಚನಗಳಲ್ಲಿ ಅದನ್ನು ಮುಗಿಸುತ್ತದೆ: ಅಲ್ಲಾಹ್ ಒಬ್ಬನೇ, ಅವನಿಗೆ ಯಾರ ಹಂಗೂ ಇಲ್ಲ, ಅವನು ಹೆತ್ತವನಲ್ಲ ಹುಟ್ಟಿದವನೂ ಅಲ್ಲ, ಅವನಿಗೆ ಸಮಾನರಿಲ್ಲ. ಈ ನಂಬಿಕೆ ಎಷ್ಟು ಬಿಗಿಯಾದದ್ದೆಂದರೆ ಸ್ವತಃ ಪ್ರವಾದಿಯವರೂ ಆರಾಧನೆಗೆ ಅರ್ಹರಲ್ಲ. 632ರಲ್ಲಿ ಅವರು ನಿಧನರಾದಾಗ ಜನ ದಿಕ್ಕು ತೋಚದೆ ನಿಂತಿದ್ದರು. ಆಗ ಅವರ ಆಪ್ತ ಸಂಗಾತಿ ಅಬೂಬಕ್ಕರ್ ಅವರು, ‘ಮುಹಮ್ಮದರನ್ನು ಆರಾಧಿಸುತ್ತಿದ್ದವರು ತಿಳಿಯಲಿ, ಮುಹಮ್ಮದರು ತೀರಿಕೊಂಡರು. ಅಲ್ಲಾಹನನ್ನು ಆರಾಧಿಸುವವರು ತಿಳಿಯಲಿ, ಅವನು ಜೀವಂತ, ಅವನಿಗೆ ಸಾವಿಲ್ಲ’ ಎಂದು ಸಾರಿದರು. ಮಕ್ಕಾದ ಪವಿತ್ರ ಭವನ ಕಅಬಾದ ಕಪ್ಪು ಶಿಲೆಯನ್ನು ಪೂಜಿಸುತ್ತಾರಲ್ಲವೇ ಎಂದು ಹಲವರು ನನ್ನನ್ನು ಕೇಳುವುದುಂಟು. ಅದಕ್ಕೆ ಉಮರ್ ಅವರ ಉತ್ತರವೇ ಸಾಕು. ಆ ಶಿಲೆಗೆ ಮುತ್ತಿಡುವಾಗ ಅವರು ಅದನ್ನೇ ಉದ್ದೇಶಿಸಿ, ‘ನೀನೊಂದು ಕಲ್ಲು, ನಿನ್ನಿಂದ ಲಾಭವೂ ಇಲ್ಲ ಹಾನಿಯೂ ಇಲ್ಲವೆಂದು ಬಲ್ಲೆ; ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡಿರದಿದ್ದರೆ ನಾನು ಮುತ್ತಿಡುತ್ತಿರಲಿಲ್ಲ’ ಎಂದರು.

ಮಸೀದಿಯೊಳಗೆ ಹೋದರೆ ಈ ನಂಬಿಕೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ವಿಗ್ರಹವಿಲ್ಲ, ಚಿತ್ರವಿಲ್ಲ. ಎದುರಿನ ಗೋಡೆಯಲ್ಲೊಂದು ಖಾಲಿ ಗೂಡು ಮಕ್ಕಾದ ದಿಕ್ಕನ್ನು ತೋರಿಸುತ್ತದೆ. ಕರ್ನಾಟಕದಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ. ಪುರೋಹಿತ ವರ್ಗ ಎಂಬುದಿಲ್ಲ. ಕುರ್‌ಆನ್ ಓದಲು ಬರುವ, ನಿಯಮ ತಿಳಿದ ಯಾರೇ ಆಗಲಿ ಇಮಾಮರಾಗಿ ಮುಂದೆ ನಿಲ್ಲಬಹುದು. ಸಾಲಿನಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಲ್ಲಬೇಕು, ಮೊದಲು ಬಂದವರಿಗೆ ಮೊದಲ ಸಾಲು. ಅಂಗಡಿ ಮಾಲೀಕರ ಪಕ್ಕದಲ್ಲಿ ಅವರದೇ ಅಂಗಡಿಯ ಹಮಾಲಿ ನಿಲ್ಲುವುದು ದಿನನಿತ್ಯದ ದೃಶ್ಯ. ಹೊರಗೆ ಬಂದ ಮೇಲೂ ಆ ಸಮಾನತೆ ಉಳಿಯುತ್ತದೆ ಎಂದು ನಾನು ಹೇಳಲಾರೆ, ನಮ್ಮಲ್ಲೂ ಕುಲದ ಹೆಮ್ಮೆ ಇದೆ. ಆದರೆ ಆ ಹೆಮ್ಮೆಗೆ ಧರ್ಮದಲ್ಲಿ ಆಧಾರ ಹುಡುಕಿದರೆ ಸಿಗದು.

ತೌಹೀದ್ ಕುರಿತಂತೆ ಮುಸ್ಲಿಮರ ಒಳಗೇ ಒಂದು ಜಗಳವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಲಬುರಗಿಯಲ್ಲಿ 1422ರಲ್ಲಿ ನಿಧನರಾದ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಉರುಸಿನಲ್ಲಿ ಸೇರುವ ಜನಸಾಗರವನ್ನು ನೀವು ಕೇಳಿ ಬಲ್ಲಿರಿ. ಅಲ್ಲಾಹನಿಗೆ ಪ್ರಿಯರಾದವರ ಮೂಲಕ ಬೇಡಿಕೊಳ್ಳುತ್ತೇವೆ, ಅವರನ್ನು ಆರಾಧಿಸುವುದಿಲ್ಲ ಎಂದು ಹೋಗುವವರು ಹೇಳುತ್ತಾರೆ. ನೇರವಾಗಿ ಕೇಳಿಸಿಕೊಳ್ಳುವ ದೇವರಿಗೆ ಮಧ್ಯಸ್ಥಿಕೆ ಏಕೆ, ಇದು ಶಿರ್ಕಿನ (ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸುವ ಪಾಪದ) ಹೊಸ್ತಿಲು ಎನ್ನುತ್ತಾರೆ ವಿರೋಧಿಸುವವರು. ಒಂದೇ ಮನೆಯಲ್ಲಿ ಅಮ್ಮ ದರ್ಗಾಕ್ಕೆ ಚಾದರ ಹೊರಿಸಲು ಹೊರಟರೆ ಮಗ ಬಾಗಿಲಲ್ಲೇ ನಿಂತು ವಾದ ಮಾಡುವುದುಂಟು. ಇಬ್ಬರ ಆಧಾರವೂ ತೌಹೀದೇ ಆಗಿರುತ್ತದೆ ಎಂಬುದನ್ನು ಮರೆಯಬಾರದು.

ಗ್ರಂಥಗಳು, ದೂತರ ಬಗ್ಗೆ ಸಂಕ್ಷಿಪ್ತವಾಗಿ ಹೇಳಿದರೆ ಸಾಕು. ಎಲ್ಲ ಜನಾಂಗಗಳಿಗೂ ಎಚ್ಚರಿಸುವವರು ಬಂದಿದ್ದಾರೆ ಎನ್ನುತ್ತದೆ ಕುರ್‌ಆನ್. ಹೆಸರಿಸುವುದು 25 ಮಂದಿಯನ್ನು. ಇಬ್ರಾಹೀಮ್, ಮೂಸಾ, ಈಸಾ ಅವರಲ್ಲಿ ಯಾರೊಬ್ಬರನ್ನು ನಿರಾಕರಿಸಿದರೂ ಮುಸ್ಲಿಮನಾಗಿ ಉಳಿಯಲಾಗದು. ಈಸಾ ಎಂದರೆ ಯೇಸು. ಅವರ ತಾಯಿ ಮರ್ಯಮರ ಹೆಸರಿನಲ್ಲಿ ಇಡೀ ಒಂದು ಅಧ್ಯಾಯವೇ ಇದೆ. 610ರಿಂದ ಸುಮಾರು 23 ವರ್ಷಗಳಲ್ಲಿ ಹಂತ ಹಂತವಾಗಿ ಇಳಿದ ಕುರ್‌ಆನಿನ 114 ಅಧ್ಯಾಯಗಳು ಅಲ್ಲಾಹನದೇ ವಚನ ಎಂಬ ನಂಬಿಕೆಯಿಂದಾಗಿ ಅದರ ಅಕ್ಷರ ಅಕ್ಷರವನ್ನೂ ಕಂಠಪಾಠ ಮಾಡುವ ಹಾಫಿಝರು ಸಣ್ಣ ಊರುಗಳಲ್ಲೂ ಸಿಗುತ್ತಾರೆ.

ಇನ್ನು ವಿಧಿಯ ಪ್ರಶ್ನೆ. ಎಲ್ಲವೂ ಅಲ್ಲಾಹನ ಇಚ್ಛೆಯಾದರೆ ಮನುಷ್ಯ ಮಾಡುವುದೇನು? ಈ ಪ್ರಶ್ನೆಯನ್ನು ಮೊದಲು ಕೇಳಿದವರು ಮುಸ್ಲಿಮರೇ. ಮೊದಲ ಮೂರು ಶತಮಾನಗಳ ಧರ್ಮಚಿಂತಕರು ಇದನ್ನೇ ಹಿಡಿದು ವಾದಿಸಿ ಪಂಥಗಳಾಗಿ ಒಡೆದರು. ಸಾಮಾನ್ಯ ಮುಸ್ಲಿಮನ ನಡವಳಿಕೆಯನ್ನು ರೂಪಿಸಿದ್ದು ಮಾತ್ರ ಆ ವಾದಗಳಿಗಿಂತ ಹೆಚ್ಚಾಗಿ ಉಮರ್ ಅವರ ಕಾಲದ ಒಂದು ಘಟನೆ. ಪ್ರವಾದಿಯವರ ನಂತರ ಸಮುದಾಯದ ನಾಯಕ, ಅಂದರೆ ಖಲೀಫರಾಗಿದ್ದ ಅವರು ಸುಮಾರು 638–39ರಲ್ಲಿ ಸಿರಿಯಾದ ಕಡೆಗೆ ಹೊರಟಿದ್ದರು. ಸರ್ಗ್ ಎಂಬಲ್ಲಿ ಮುಟ್ಟಿದಾಗ ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಬಂತು. ಹಿರಿಯರೊಂದಿಗೆ ಸಮಾಲೋಚಿಸಿ, ಮದೀನಾಕ್ಕೆ ಹಿಂದಿರುಗಲು ಅಪ್ಪಣೆ ಕೊಟ್ಟರು. ಸಿರಿಯಾದ ಸೇನಾಪತಿ ಅಬೂ ಉಬೈದಾ ಕೇಳಿದರು: ‘ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ?’ ಉಮರ್ ಉತ್ತರಿಸಿದರು: ‘ಹೌದು, ಅಲ್ಲಾಹನ ಒಂದು ವಿಧಿಯಿಂದ ಅಲ್ಲಾಹನ ಇನ್ನೊಂದು ವಿಧಿಯೆಡೆಗೆ ಓಡುತ್ತಿದ್ದೇವೆ. ನಿಮ್ಮ ಒಂಟೆಗಳು ಕಣಿವೆಗಿಳಿದಾಗ ಒಂದು ಬದಿ ಹಸಿರಾಗಿದ್ದು ಇನ್ನೊಂದು ಬದಿ ಬರಡಾಗಿದ್ದರೆ, ಹಸಿರಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ, ಬರಡಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ ಅಲ್ಲವೇ?’ ಆಮೇಲೆ ಇನ್ನೊಬ್ಬ ಸಂಗಾತಿ ಬಂದು, ಸಾಂಕ್ರಾಮಿಕವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೇ ಅದು ಬಂದರೆ ಅಲ್ಲಿಂದ ಹೊರಡಬೇಡಿ ಎಂದು ಪ್ರವಾದಿಯವರು ಹೇಳಿದ್ದನ್ನು ನೆನಪಿಸಿದರು.

ಆ ಉತ್ತರದಲ್ಲಿ ಎಲ್ಲವೂ ಇದೆ. ಆಯ್ಕೆ ಮನುಷ್ಯನದು, ಆಯ್ಕೆಗೆ ಅವನೇ ಹೊಣೆ, ಫಲ ಮಾತ್ರ ಅವನ ಕೈಯಲ್ಲಿಲ್ಲ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ‘ಮೊದಲು ಕಟ್ಟು, ಆಮೇಲೆ ಭರವಸೆ ಇಡು’ ಎಂದರು ಪ್ರವಾದಿಯವರು. ಲೋಕ ಮುಗಿಯುವ ಗಳಿಗೆ ಬಂದಾಗಲೂ ನಿಮ್ಮ ಕೈಯಲ್ಲಿ ಸಸಿಯೊಂದಿದ್ದರೆ ಅದನ್ನು ನೆಟ್ಟುಬಿಡಿ ಎಂದೂ ಅವರು ಹೇಳಿದ್ದಾರೆ. ಹಣೆಬರಹವನ್ನು ನೆಪಮಾಡಿಕೊಂಡು ಕೈಕಟ್ಟಿ ಕೂರುವವರು ನಮ್ಮಲ್ಲಿದ್ದಾರೆ ಎಂದರೆ ಅದು ಸೋಮಾರಿತನ, ಧರ್ಮದ ಹೆಸರಿನಲ್ಲಿ ಅದನ್ನು ಸಮರ್ಥಿಸುವುದು ತಪ್ಪು. ‘ಇನ್ಶಾ ಅಲ್ಲಾಹ್’ ಎಂದು ಹೇಳಿ ಕೊಟ್ಟ ಮಾತಿಗೆ ತಪ್ಪುವುದೂ ಹಾಗೆಯೇ. ಅಲ್ಲಾಹನ ಹೆಸರೆತ್ತಿ ಆಡಿದ ಮಾತು ಇನ್ನಷ್ಟು ಗಟ್ಟಿಯಾಗಬೇಕಿತ್ತು. ವಿಧಿಯ ನಂಬಿಕೆ ನಿಜವಾಗಿ ಕೆಲಸಕ್ಕೆ ಬರುವುದು ಕಳೆದುಕೊಂಡ ಮೇಲೆ. ‘ನಾವು ಅಲ್ಲಾಹನವರು, ಅವನೆಡೆಗೇ ಮರಳುವವರು’ ಎಂಬ ಅರ್ಥದ ‘ಇನ್ನಾ ಲಿಲ್ಲಾಹಿ’ ವಚನವನ್ನು ಸಾವಿನ ಸುದ್ದಿ ಕೇಳಿದ ಕೂಡಲೇ ಹೇಳುತ್ತಾರೆ. ಹಾಗೆ ಮಾಡಿದ್ದರೆ ಉಳಿಯುತ್ತಿದ್ದರೇನೋ, ಬೇರೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತೇನೋ ಎಂಬ ಕೊರಗಿನಿಂದ ಅದು ಎಷ್ಟು ಮನೆಗಳನ್ನು ಉಳಿಸಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ನಿಯಮಗಳು ಏಕೆ ಎಂದು ಕೇಳಿದ್ದೀರಿ. ನಂಬಿಕೆ ಮನಸ್ಸಿನಲ್ಲಿ ಮಾತ್ರ ಇದ್ದರೆ ಮರೆತುಹೋಗುತ್ತದೆ. ಮೈಗೂ ಗಡಿಯಾರಕ್ಕೂ ಜೇಬಿಗೂ ಅದನ್ನು ಕಟ್ಟಿಹಾಕುವುದು ಇಸ್ಲಾಮಿನ ರೀತಿ. ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ ಒಟ್ಟು 17 ರಕಅತ್‌ಗಳು, ಅಂದರೆ ನಿಂತು, ಬಾಗಿ, ಸಾಷ್ಟಾಂಗವೆರಗುವ ಸುತ್ತುಗಳು. ಸಮಯವನ್ನು ನಿರ್ಧರಿಸುವುದು ಸೂರ್ಯ. ಮಧ್ಯಾಹ್ನ ಕಳೆದು ವಸ್ತುವಿನ ನೆರಳು ಅದರ ಎತ್ತರದಷ್ಟಾದಾಗ ಅಸರ್ (ಸಂಜೆ ಮುಂಚಿನ ನಮಾಜು) ಹೊತ್ತು ಎಂದು ಧರ್ಮಶಾಸ್ತ್ರದ ಶಾಫಿಈ ಪಂಥ ಹೇಳಿದರೆ, ಎರಡರಷ್ಟಾದಾಗ ಎನ್ನುತ್ತದೆ ಹನಫಿ ಪಂಥ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಬಹುಪಾಲು ಶಾಫಿಈಗಳು, ಒಳನಾಡಿನ ಉರ್ದು ಮಾತಾಡುವವರು ಬಹುಪಾಲು ಹನಫಿಗಳು. ಹಾಗಾಗಿ ಮಂಗಳೂರಿನ ಅಸರ್ ಬಾಂಗಿಗೂ ದಾವಣಗೆರೆಯ ಬಾಂಗಿಗೂ ಒಂದು ಗಂಟೆಯ ಆಸುಪಾಸಿನ ಅಂತರ ಕಂಡರೆ ಗಡಿಯಾರ ಕೆಟ್ಟಿದೆ ಎಂದುಕೊಳ್ಳಬೇಡಿ. ಬ್ಯಾರಿ ಮನೆಗಳಲ್ಲಿ ನಮಾಜಿಗೆ ನಿಸ್ಕಾರ ಎನ್ನುತ್ತಾರೆ, ಉಪವಾಸಕ್ಕೆ ನೋಂಬು, ಮಸೀದಿಗೆ ಪಳ್ಳಿ. ಹೆಸರು ಏನೇ ಇರಲಿ, 107ನೇ ಅಧ್ಯಾಯದ ಎಚ್ಚರಿಕೆ ಎಲ್ಲರಿಗೂ ಒಂದೇ: ತೋರಿಕೆಗಾಗಿ ನಮಾಜು ಮಾಡಿ, ನೆರೆಹೊರೆಗೆ ಸಣ್ಣಪುಟ್ಟ ವಸ್ತುವನ್ನೂ ಕೊಡದವರಿಗೆ ವಿನಾಶ.

ಉಪವಾಸವನ್ನು ನೋಡಿ. ರಮಝಾನಿನ ಮಧ್ಯಾಹ್ನ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಮುಖ ತೊಳೆಯುವವನು ಒಂದು ಗುಟುಕು ನೀರು ನುಂಗಿದರೆ ಕೇಳುವವರಾರು? ಆದರೂ ನುಂಗುವುದಿಲ್ಲ. ಹತ್ತು ವರ್ಷದ ಹುಡುಗನೂ ನುಂಗುವುದಿಲ್ಲ. ‘ಅವನು ನಿನ್ನನ್ನು ಕಾಣುತ್ತಿದ್ದಾನೆ’ ಎಂದು ಜಿಬ್ರೀಲರಿಗೆ ಕೊಟ್ಟ ಉತ್ತರ ಇಲ್ಲಿ ಗಂಟಲಿನ ಅನುಭವವಾಗುತ್ತದೆ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದಾದ್ದರಿಂದ ರಮಝಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿದು, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ರೋಗಿಗಳಿಗೂ ಪ್ರಯಾಣಿಕರಿಗೂ ವಿನಾಯಿತಿ ಕುರ್‌ಆನಿನಲ್ಲೇ ಇದೆ. ಸುಳ್ಳು ಹೇಳುವುದನ್ನು ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ ಎಂಬ ಹದೀಸ್ ಮತ್ತೆ ನಮ್ಮನ್ನು ಮನುಷ್ಯರ ನಡುವಿನ ವ್ಯವಹಾರಕ್ಕೇ ತಂದು ನಿಲ್ಲಿಸುತ್ತದೆ.

ಝಕಾತ್ ದಾನವಲ್ಲ, ಬಾಕಿ. ಶ್ರೀಮಂತರ ಸಂಪತ್ತಿನಲ್ಲಿ ಕೇಳುವವನಿಗೂ ಕೇಳಲಾರದವನಿಗೂ ಹಕ್ಕಿದೆ ಎಂಬುದು ಕುರ್‌ಆನಿನ ಮಾತು. ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರ ಶೇಕಡಾ 2.5ರಷ್ಟನ್ನು ಕೊಡಬೇಕು, ಹತ್ತು ಲಕ್ಷಕ್ಕೆ 25 ಸಾವಿರ. ಬೆಳೆಗೆ ಲೆಕ್ಕ ಬೇರೆ: ಮಳೆಯಾಶ್ರಿತ ಜಮೀನಿನ ಫಸಲಿನಲ್ಲಿ ಹತ್ತನೇ ಒಂದು, ರೈತ ದುಡಿದು ನೀರು ಹಾಯಿಸಿದ್ದರೆ ಇಪ್ಪತ್ತನೇ ಒಂದು. ಶ್ರಮಕ್ಕೆ ರಿಯಾಯಿತಿ ಕೊಡುವ ಈ ಲೆಕ್ಕವನ್ನು ನಮ್ಮ ರೈತರು ಚೆನ್ನಾಗಿ ಮೆಚ್ಚಿಯಾರು. ಹೆಂಗಸರು ತೊಡುವ ಚಿನ್ನದ ಮೇಲೆ ಹನಫಿಗಳಲ್ಲಿ ಝಕಾತ್ ಉಂಟು, ವಾಡಿಕೆಯಂತೆ ತೊಡುವುದಾದರೆ ಶಾಫಿಈಗಳಲ್ಲಿ ಇಲ್ಲ. ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಒಂಬತ್ತನೇ ಅಧ್ಯಾಯದ 60ನೇ ವಚನ ಹೆಸರಿಸುತ್ತದೆ. ಅವರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಸ್ವಂತ ತಂದೆತಾಯಿಗೆ, ಮಕ್ಕಳಿಗೆ ಕೊಡುವಂತಿಲ್ಲ, ಏಕೆಂದರೆ ಅವರನ್ನು ಸಾಕುವುದು ಹೇಗೂ ಕರ್ತವ್ಯ. ಸಾಲ ಕೊಟ್ಟು ಬಡ್ಡಿ ತೆಗೆದುಕೊಳ್ಳುವುದು ನಿಷಿದ್ಧವಾದ್ದರಿಂದ ಉಳಿತಾಯ ಖಾತೆಗೆ ತಾನಾಗಿ ಬೀಳುವ ಬಡ್ಡಿಯನ್ನು ಲೆಕ್ಕ ಹಾಕಿ, ಪುಣ್ಯದ ಆಸೆಯಿಲ್ಲದೆ ಬಡವರಿಗೆ ದಾಟಿಸಿಬಿಡುವ ಎಷ್ಟೋ ಕುಟುಂಬಗಳಿವೆ.

ಹಜ್ ಯಾತ್ರೆಯ ಬಗ್ಗೆ ಒಂದೇ ಮಾತು. ಹೊರಡುವ ಮುನ್ನ ಯಾತ್ರಿಕರು ಸಾಲ ತೀರಿಸಿ, ಬಂಧುಗಳ, ನೆರೆಯವರ, ಹಳೆಯ ಜಗಳಗಂಟರ ಮನೆಗೆ ಹೋಗಿ ‘ನನ್ನಿಂದ ತಪ್ಪಾಗಿದ್ದರೆ ಮಾಫ್ ಮಾಡಿ’ ಎಂದು ಕೇಳಿ ಬರುತ್ತಾರೆ. ಮಕ್ಕಾಕ್ಕೆ ಹೋಗಿ ಅಲ್ಲಾಹನಲ್ಲಿ ಕ್ಷಮೆ ಬೇಡುವವನು ಮನುಷ್ಯರ ಬಾಕಿಯನ್ನು ಊರಿನಲ್ಲೇ ಮುಗಿಸಬೇಕು.

ಕೊನೆಯದಾಗಿ, ನಿಮ್ಮ ಸ್ನೇಹಿತರ ವಿಷಯ. ನಮಾಜು ಬಿಡುವಂಥ ದೊಡ್ಡ ಪಾಪ ಮಾಡಿದವನು ಮುಸ್ಲಿಮನೇ ಎಂಬ ಪ್ರಶ್ನೆಗಾಗಿ ಇಸ್ಲಾಮಿನ ಮೊದಲ ಶತಮಾನದಲ್ಲೇ ರಕ್ತ ಹರಿದಿದೆ. 657ರ ಸಿಫ್ಫೀನ್ ಯುದ್ಧದ ನಂತರ, ಆಗ ಖಲೀಫರಾಗಿದ್ದ ಅಲಿಯವರ ಪಾಳಯದಿಂದ ಸಿಡಿದುಹೋದ ಖವಾರಿಜ್ ಗುಂಪು, ದೊಡ್ಡ ಪಾಪ ಮಾಡಿದವನು ಧರ್ಮದಿಂದಲೇ ಹೊರಗೆ ಎಂದು ಸಾರಿತು. ನಮಾಜು, ಉಪವಾಸಗಳಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರಲ್ಲೊಬ್ಬ 661ರಲ್ಲಿ ಅಲಿಯವರನ್ನೇ ಕೊಂದ. ಮುಸ್ಲಿಂ ಸಮುದಾಯದ ಬಹುದೊಡ್ಡ ಭಾಗ ಆ ದಾರಿಯನ್ನು ತಿರಸ್ಕರಿಸಿತು. ಅದಕ್ಕೆ ಆಧಾರ ಪ್ರವಾದಿಯವರ ಕಾಲದ್ದೇ ಒಂದು ಪ್ರಸಂಗ. ಯುದ್ಧದಲ್ಲಿ ಶತ್ರುವೊಬ್ಬ ಕೊನೆಗಳಿಗೆಯಲ್ಲಿ ಕಲಿಮಾ (ಅಲ್ಲಾಹನ ಹೊರತು ಆರಾಧ್ಯನಿಲ್ಲ ಎಂಬ ಸಾಕ್ಷ್ಯ) ಹೇಳಿದರೂ ಉಸಾಮಾ ಎಂಬ ತರುಣ ಅವನನ್ನು ಕೊಂದಿದ್ದರು. ಪ್ರಾಣಭಯದಿಂದ ಹೇಳಿದ ಎಂದು ಉಸಾಮಾ ಸಮರ್ಥಿಸಿಕೊಂಡಾಗ, ‘ನೀನು ಅವನ ಹೃದಯವನ್ನು ಸೀಳಿ ನೋಡಿದೆಯಾ?’ ಎಂದು ಪ್ರವಾದಿಯವರು ಮತ್ತೆ ಮತ್ತೆ ಕೇಳಿದರು.

ಧರ್ಮಕಾನೂನಿನ ಮಟ್ಟದಲ್ಲಿ ಪಂಥಗಳ ಮೂಲಪುರುಷರಾದ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ಸೋಮಾರಿತನದಿಂದ ನಮಾಜು ಬಿಟ್ಟವನ ಬಗ್ಗೆ ಇಮಾಮ್ ಅಹ್ಮದ್ ಬಿನ್ ಹಂಬಲರ ಪ್ರಸಿದ್ಧ ಅಭಿಪ್ರಾಯ ಬಹಳ ಕಠಿಣ, ಅವನ ಈಮಾನೇ ಹೋಯಿತೆಂಬುದು ಅದರ ತಾತ್ಪರ್ಯ. ಅಬೂ ಹನೀಫಾ, ಮಾಲಿಕ್, ಶಾಫಿಈ ಈ ಮೂವರ ಪ್ರಕಾರ, ನಮಾಜು ಕಡ್ಡಾಯ ಎಂಬುದನ್ನೇ ನಿರಾಕರಿಸದವರೆಗೆ ಅವನು ದೊಡ್ಡ ಪಾಪಿ, ಆದರೆ ಮುಸ್ಲಿಮನೇ. ಅವನನ್ನು ಸ್ನಾನ ಮಾಡಿಸಿ, ಹೊಲಿಗೆಯಿಲ್ಲದ ಬಿಳಿ ಬಟ್ಟೆಯ ಕಫನ್ ಹೊದಿಸಿ, ರುಕೂ ಸಜ್ದಾಗಳಿಲ್ಲದೆ, ಅಂದರೆ ಬಾಗದೆ ಸಾಷ್ಟಾಂಗವೆರಗದೆ, ನಿಂತೇ ಮಾಡುವ ಆ ನಾಲ್ಕು ತಕ್ಬೀರಿನ (‘ಅಲ್ಲಾಹು ಅಕ್ಬರ್’ ಎಂಬ ಘೋಷದ) ನಮಾಜನ್ನು ಮಾಡಿ, ಮುಖ ಮಕ್ಕಾದ ದಿಕ್ಕಿಗಿರುವಂತೆ ಮಣ್ಣು ಮಾಡುವುದು ಇಡೀ ಊರಿನ ಮುಸ್ಲಿಮರ ಮೇಲಿನ ಸಾಮೂಹಿಕ ಕಡ್ಡಾಯ. ಕೆಲವರು ಮಾಡಿದರೆ ಎಲ್ಲರ ಹೊಣೆಯೂ ಇಳಿಯುತ್ತದೆ, ಯಾರೂ ಮಾಡದಿದ್ದರೆ ಇಡೀ ಊರೇ ತಪ್ಪಿತಸ್ಥ. ನಿಮ್ಮ ಭಾಗದ ಮಸೀದಿಗಳು ಬಹುಪಾಲು ಹನಫಿ ಪಂಥದವು. ನಿಮ್ಮ ಸ್ನೇಹಿತರು ಎಷ್ಟು ಹೊತ್ತು ನಮಾಜು ಮಾಡುತ್ತಿದ್ದರೆಂದು ಅಲ್ಲಿ ಯಾರೂ ವಿಚಾರಿಸದೆ ಇದ್ದದ್ದು ಔದಾರ್ಯದಿಂದಲ್ಲ. ಜನಾಜಾ ನಮಾಜು ಅವರ ಹಕ್ಕಾಗಿತ್ತು.